ಚಂದ್ರಗುತ್ತಿ ಇಳಿದ ದೊಡ್ಡಪ್ಪ

ಬೆಳಿಗ್ಗೆ ಮೊಬೈಲಿನಲ್ಲಿ ಯಾರೋ ಕಳಿಸಿದ ಚಂದ್ರಗುತ್ತಿ ಬೆಟ್ಟದ ಫೋಟೊ ನೋಡಿದೆ. ತಕ್ಷಣ ನಮ್ಮ ದೊಡ್ಡಪ್ಪ ನೆನಪಾದರು.

ನಾನಾಗ ಲಂಗ ಉಡುತ್ತಿದ್ದ ಹುಡುಗಿ. ಶಿರಾಳಕೊಪ್ಪದಿಂದ ಮನೆಮಂದಿಯೆಲ್ಲ ರೊಟ್ಟಿಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತಲು ಹೋಗಿದ್ದೆವು. ದೊಡ್ಡಪ್ಪ ಎಲ್ಲರಿಗಿಂತ ಮುಂದೆ. ಏದುಸಿರು ಬಿಡುತ್ತಿದ್ದ ದೊಡ್ಡವ್ವನಿಗೆ, "ನೀ ಕೆಳಗೇ ಕುಂತ್ಕ, ನಿನ್ ಕೈಲಾಗಂಗಿಲ್ಲ" ಎಂದು ದಾರಿಯುದ್ದಕ್ಕೂ ಹೇಳಿದರು. ಅವಳು ಸೀರೆಗೆ ಸಿಕ್ಕ ಮುಳ್ಳು ಬಿಡಿಸಿಕೊಳ್ಳುತ್ತಾ ಮೆಲ್ಲಗೆ ತುದಿ ಮುಟ್ಟಿದಳು.

ಬುತ್ತಿ ಉಂಡು ಇಳಿಯಲು ಹೊರಟಾಗ ದೊಡ್ಡಪ್ಪ ಕೆಳಗೆ ನೋಡಿದವರೇ ಬಂಡೆ ತಬ್ಬಿಕೊಂಡು ಕೂತುಬಿಟ್ಟರು.

"ನೀವೆಲ್ಲ ಹೋಗ್ರಿ, ನಾ ಆಮೇಲೆ ಬರ್ತೀನಿ."

"ಆಮೇಲೆ ಅಂದ್ರೆ ಯಾವಾಗ್ರೀ? ಹೊತ್ತು ಮುಳುಗಾಕ ಬಂತು" ಎಂದು ದೊಡ್ಡವ್ವ ಅವರ ಮುಂದೆ ಬಂದು ಕೂತಳು. "ನನ್ ಭುಜ ಹಿಡ್ಕಂಡು ಕುಂತಲ್ಲೇ ಜಾರ್ರಿ."

ಹಾಗೇ ಬುಡದವರೆಗೂ ಜಾರಿದರು. ಧೋತರದ ಹಿಂಭಾಗ ಬಂಡೆಗಳ ಪಾಲಾಯಿತು. ಚಟ್ನಿಪುಡಿ ಮೆತ್ತಿದ ಬುತ್ತಿಯ ಬಟ್ಟೆಯನ್ನೇ ಸೊಂಟಕ್ಕೆ ಸುತ್ತಿಕೊಂಡು ಬಸ್ಸು ಹತ್ತಿದರು.

ಮರುದಿನ ಜಗಲಿಯಲ್ಲಿ ಗೆಳೆಯರೆದುರು ದೊಡ್ಡಪ್ಪ ಮೀಸೆ ತಿರುವುತ್ತಿದ್ದರು. "ಇಳಿಯುವಾಗ ಒಂದ್ಸಲಾನೂ ನನ್ ಕಾಲು ಜಾರ್ಲಿಲ್ಲ!"

ಒಳಗಿನಿಂದ ದೊಡ್ಡವ್ವನ ದನಿ ಬಂತು: "ಖರೇನೇ ಬಿಡ್ರಿ. ಕಾಲು ಊರಿದ್ರಲ್ವೇನ್ರೀ ಜಾರೋದು!"

ಇಬ್ಬರೂ ಈಗಿಲ್ಲ. ಇವತ್ತು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕೆ.