ತೂಕ ಇಳಿಸುವ ಪಂದ್ಯಕ್ಕೆ ಕರದಂಟಿನ ಬಹುಮಾನ

ಕಳೆದ ಭಾನುವಾರ ಒಂದು ಕಿಲೋ ಕರದಂಟು ಕಟ್ಟಿಸಿಕೊಂಡು ಗೋಕಾಕದಲ್ಲಿ ಹುಕ್ಕೇರಿ ಬಸ್ ಹತ್ತಿದೆ. ಯಾಕೆ ಗೊತ್ತೇ? ತೂಕ ಇಳಿಸಿದವರಿಗೆ ಬಹುಮಾನ ಕೊಡಲು!

ನಗಬೇಡಿ. ಬೆಲ್ಲ, ತುಪ್ಪ, ಗೋಡಂಬಿ, ಅಂಟು ಸುರಿದು ಮಾಡಿದ ತಿಂಡಿಯನ್ನು ಅಂಥ ಪಂದ್ಯಕ್ಕೆ ಇಟ್ಟ ಬುದ್ಧಿವಂತರು ನಾವೇ. ಇನ್ನೂ ಒಂದು ಸ್ವಾರಸ್ಯವಿದೆ. ತೂಕ ಇಳಿಸಬೇಕಾದವರು ಇಬ್ಬರು ಹೆಂಗಸರು. ಗೆದ್ದರೆ ಕರದಂಟು ತಿನ್ನುವವರು ಅವರ ಗಂಡಂದಿರು. ಅದಕ್ಕೆ ಅಂಪೈರ್ ನಾನು. (ಬರೆಯುವಾಗ ನಾಚಿಕೆಯಾಗುತ್ತಿದೆ. ಅವತ್ತು ಬಸ್ಸಿನಲ್ಲಿ ಆಗಿರಲಿಲ್ಲ.)

ಮೊದಲಿನಿಂದ ಹೇಳುತ್ತೇನೆ. ನನ್ನ ಅಕ್ಕ ಶಾಂತವ್ವನನ್ನು ಹುಕ್ಕೇರಿಗೆ ಕೊಟ್ಟಿದೆ. ಎರಡು ವರ್ಷದಿಂದ ಅವಳಿಗೆ ಮೊಣಕಾಲು ನೋವು. ಪಕ್ಕದ ಮನೆಯ ಯಲ್ಲವ್ವನಿಗೂ ಅದೇ ನೋವು. ಎರಡು ತಿಂಗಳ ಹಿಂದೆ ಇಬ್ಬರೂ ಒಟ್ಟಿಗೆ ಬಸ್ ಹಿಡಿದು ಗೋಕಾಕಕ್ಕೆ ಬಂದರು. ನನಗೆ ಪರಿಚಯದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಅವರು ಕಾಲು ಮಡಚಿಸಿ ನೋಡಿದರು, ಎಕ್ಸ್‌ರೇ ನೋಡಿದರು. ಇಬ್ಬರಿಗೂ ಒಂದೇ ಮಾತು.

‘ಮೂರು ತಿಂಗಳದಾಗ ಎಂಟು ಕಿಲೋ ಇಳಸ್ರಿ. ಇಲ್ಲಂದ್ರ ಆಪರೇಷನ್ ವಿಚಾರ ಮಾಡಬೇಕಾಗತೈತಿ.’

ಅಕ್ಕ ಹೊರಗೆ ಬಂದವಳೇ ನನ್ನ ಕೈ ಹಿಡಿದುಕೊಂಡಳು. ‘ಆಪರೇಷನ್ ಬ್ಯಾಡೋ ತಮ್ಮಾ, ಏನರ ಮಾಡು’ ಎಂದಳು. ಹೆರಿಗೆಗೂ ಹೆದರದ ಹೆಂಗಸು ಅವಳು.

ಡಾಕ್ಟರು ಇಬ್ಬರಿಗೂ ಚಾರ್ಟ್ ಬರೆದುಕೊಟ್ಟಿದ್ದರು. ಅಕ್ಕನದು ಬಸವಣ್ಣನವರ ಹಾದಿಯ ಮನೆ, ಅಲ್ಲಿ ಕೋಳಿ ತತ್ತಿಯೂ ಒಳಗೆ ಬರುವುದಿಲ್ಲ. ಹಾಗಾಗಿ ಅವಳಿಗೆ ಒಂದು ಬಟ್ಟಲು ಮಡಕಿ ಕಾಳಿನ ಉಸುಳಿ, ಪಚಡಿ, ಒಂದೇ ರೊಟ್ಟಿ, ಮಜ್ಜಿಗೆ. ಯಲ್ಲವ್ವನಿಗೆ ಕುದಿಸಿದ ಎರಡು ತತ್ತಿ, ವಾರದಲ್ಲಿ ಎರಡು ದಿನ ಎಣ್ಣೆ ಕಡಿಮೆ ಹಾಕಿದ ಕೋಳಿ, ಸೊಪ್ಪಿನ ಪಲ್ಯ, ಒಂದೇ ರೊಟ್ಟಿ.

‘ಎರಡರಾಗ ಯಾವುದು ಚಲೋರಿ ಡಾಕ್ಟರ್?’ ಎಂದು ನಾನು ಕೇಳಿದ್ದೆ. ‘ಎರಡೂ ನಡೀತಾವ್ರಿ. ಯಾರಿಗೆ ಏನ್ ರೂಢಿ ಐತಿ ಅದನ್ನ ಅಳತಿ ಮ್ಯಾಲ, ವ್ಯಾಳ್ಯಾಕ ಸರಿಯಾಗಿ ತಿನ್ನಲಿ. ಅಷ್ಟ’ ಎಂದಿದ್ದರು.

ಅಷ್ಟೇ ಎಂದರೆ ನಾವು ಬಿಡುತ್ತೇವೆಯೇ? ಚಾರ್ಟುಗಳು ಹುಕ್ಕೇರಿ ಮುಟ್ಟಿದ ದಿನವೇ ಕಟ್ಟೆಯ ಮೇಲೆ ಭಾರಿ ಚರ್ಚೆ ಶುರುವಾಯಿತು. ಒಂದು ಕಡೆ ಅಕ್ಕನ ಗಂಡ, ಅಂದರೆ ನನ್ನ ಮಾವ. ಇನ್ನೊಂದು ಕಡೆ ಯಲ್ಲವ್ವನ ಗಂಡ ಭೀಮಪ್ಪ.

‘ಕಾಳು, ಕಾಯಿಪಲ್ಯೆ ತಿಂದ್ರ ತೂಕ ತಾನ ಇಳೀತೈತಿ’ ಎಂದರು ಮಾವ.

‘ಹಂಗಾರ ಆನಿ ಯಾಕ ಅಷ್ಟು ದಪ್ಪ ಐತ್ರಿ ಅಣ್ಣಾರ? ಅದೇನ್ ಮಟನ್ ತಿಂತೈತೇನು?’ ಎಂದ ಭೀಮಪ್ಪ.

‘ಮಟನ್ ತಿಂದವರು ಸಣ್ಣ ಆಗ್ತಾರಂದ್ರ ನಿನ್ನ ಹೊಟ್ಟಿ ಯಾಕಪಾ ನಿನಗಿಂತ ಮುಂದ ಹೊಂಟೈತಿ?’

ಮೂಡಲಗಿಯಲ್ಲಿರುವ ನನ್ನ ಕಾಕಾ ಕೂಡ ಸುಮ್ಮನಿರಲಿಲ್ಲ. ಒಂದು ದಿನ ‘ಮಾಂಸ ಬಿಡಿ’ ಎನ್ನುವ ವಿಡಿಯೋ ಕಳಿಸಿದರು. ಮರುದಿನ ‘ರೊಟ್ಟಿ ಬಿಡಿ, ಮಾಂಸ ಹಿಡಿಯಿರಿ’ ಎನ್ನುವ ವಿಡಿಯೋ ಕಳಿಸಿದರು. ಎರಡಕ್ಕೂ ಕೆಳಗೆ ‘ಎಲ್ಲರಿಗೂ ಶೇರ್ ಮಾಡಿ’! ನಾನೂ ಕಳಿಸಿದೆ. ಚರ್ಚೆಗೆ ಕಾವು ಏರಿ ಕೊನೆಗೆ ಪಂದ್ಯವೇ ಆಯಿತು. ಎರಡು ತಿಂಗಳಿಗೆ ಯಾರ ಮನೆಯವಳು ಹೆಚ್ಚು ಇಳಿಯುತ್ತಾಳೋ ಅವರಿಗೆ ಒಂದು ಕಿಲೋ ಗೋಕಾಕ ಕರದಂಟು. ಈ ಪಂದ್ಯದ ಬಗ್ಗೆ ಆ ಇಬ್ಬರು ಹೆಂಗಸರನ್ನು ನಮ್ಮಲ್ಲಿ ಒಬ್ಬರಾದರೂ ಕೇಳಿದರೇ? ಇಲ್ಲ.

ಸರಿ, ಭಾನುವಾರ ತೂಕದ ದಿನ. ಅಕ್ಕನ ಪಡಸಾಲೆಯಲ್ಲಿ ಮಷೀನ್ ಇಟ್ಟೆವು. ಅಕ್ಕ ಗೋಡೆ ಹಿಡಿದುಕೊಂಡು ಅದರ ಮೇಲೆ ನಿಂತಳು. ಎಂಟು ಕಿಲೋ ಇಳಿಯುವುದು ಹಾಗಿರಲಿ, ಒಂದು ಕಿಲೋ ಏರಿದೆ! ಯಲ್ಲವ್ವ ನಿಂತಳು. ಎರಡು ತಿಂಗಳ ಹಿಂದೆ ಎಷ್ಟಿತ್ತೋ ಅಷ್ಟೇ.

‘ಕದ್ದು ತಿಂತಾಳ. ನಾ ಮೊದಲ ಹೇಳಿದ್ನಿಲ್ಲ?’ ಎಂದರು ಮಾವ.

‘ನಮ್ಮಕಿದೂ ಅದ ಹಣೇಬಾರ’ ಎಂದ ಭೀಮಪ್ಪ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಯಲ್ಲವ್ವ ಮುಖ ಸಣ್ಣ ಮಾಡಿಕೊಂಡು ಮನೆಗೆ ಹೋದಳು. ಅಕ್ಕ ರೊಟ್ಟಿ ಬಡಿಯಲು ಒಳಗೆ ಹೋದಳು.

ಒಂದೂವರೆಗೆ ಊಟಕ್ಕೆ ಕೂತೆವು. ಮಾವ, ಕಾಲೇಜಿಗೆ ಹೋಗುವ ಅಕ್ಕನ ಇಬ್ಬರು ಗಂಡುಮಕ್ಕಳು, ನಾನು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಪಚಡಿ. ಮತ್ತೆ ಆ ಮಡಕಿ ಕಾಳಿನ ಉಸುಳಿ! ಆಹಾ, ಅಕ್ಕನ ಕೈ ರುಚಿ. ಒಂದು ಸಲ ಹಾಕಿಸಿಕೊಂಡೆ. ಎರಡನೇ ಸಲ ನಾನೇ ಕೇಳಿದೆ. ‘ಯಕ್ಕಾ, ಇನ್ನಷ್ಟು ಉಸುಳಿ ತಾ.’ ಅವಳು ಪಾತ್ರೆ ತಂದು ತಳದಿಂದ ಸೌಟಿನಲ್ಲಿ ಬಳಿದು ಹಾಕಿದಳು. ನಾನು ಹೊಟ್ಟೆ ಸವರಿಕೊಂಡು ಎದ್ದೆ.

ಮೂರು ಗಂಟೆಗೆ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಕ್ಕ ಆಗ ಉಣ್ಣಲು ಕೂತಿದ್ದಳು. ನೆಲಕ್ಕೆ ಕೂರಲಾಗುವುದಿಲ್ಲವಲ್ಲ, ಒಂದು ಸ್ಟೂಲಿನ ಮೇಲೆ. ತಾಟಿನಲ್ಲಿ ಏನಿತ್ತು? ಬೆಳಿಗ್ಗೆ ಉಳಿದ ಉಪ್ಪಿಟ್ಟು. ದೊಡ್ಡವನು ಅರ್ಧ ಬಿಟ್ಟೆದ್ದ ರೊಟ್ಟಿ. ಒಗ್ಗರಣೆ ಹಾಕಿದ ನಿನ್ನೆ ರಾತ್ರಿಯ ಅನ್ನ, ಗುಡ್ಡದಷ್ಟು.

ನನಗೆ ಸಿಟ್ಟು ಬಂತು. ‘ಏನ್ ಯಕ್ಕಾ ಇದು? ಡಾಕ್ಟರ್ ಏನ್ ಹೇಳ್ಯಾರ, ನೀ ಏನ್ ತಿನ್ನಾಕತ್ತಿ? ನಿನ್ನ ಚಾರ್ಟ್ ಎಲ್ಲಿ ಹೋತು?’

ಅಕ್ಕ ತಲೆ ಎತ್ತಿ ನೋಡಿದಳು. ನಕ್ಕಳು.

‘ಚಾರ್ಟ್ ನೀನ ತಿಂದೆಲ್ಲೋ ತಮ್ಮಾ. ಎರಡ ಸಲ ಹಾಕ್ಕೊಂಡಿ.’

ನೀರಿನ ಚೊಂಬು ಕೆಳಗಿಟ್ಟೆ. ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು. ‘ದಿನಾ ಹಿಂಗೇನು?’ ಎಂದೆ. ‘ಮಾಡತೀನಲ್ಲ ದಿನಾ. ಹುಡುಗೂರು ಬೇಡತಾವ, ನಿಮ್ಮ ಮಾವಗೂ ಸೇರತೈತಿ. ಇದ್ದದ್ದು ಚೆಲ್ಲಾಕ ಬರತೈತೇನು?’ ಎಂದು ಉಪ್ಪಿಟ್ಟಿಗೆ ಕೈ ಹಾಕಿದಳು.

ಅಷ್ಟರಲ್ಲಿ ಹಿತ್ತಲ ಬಾಗಿಲಿಗೆ ಯಲ್ಲವ್ವ ಮೊಸರು ಕೇಳಲು ಬಂದಳು. ನಾನು ಬಿಡಲಿಲ್ಲ. ‘ನಿಮ್ಮ ತತ್ತಿ, ಕೋಳಿ ಎಲ್ಲಿ ಹೋದುವ್ರಿ ಯಲ್ಲವ್ವಾ?’ ಎಂದೆ.

‘ತತ್ತಿ ಹುಡುಗೂರು ತಿಂತಾವ್ರೀ. ಕೋಳಿ ಮಾಡಿದ ದಿನ ನನ್ನ ಪಾಲಿಗೆ ಕುತ್ತಿಗಿ, ರಸ್ಸಾ. ರಸ್ಸಾದಾಗ ಅನ್ನ ಕಲಸಿ ಉಂಡ್ರ ಹೊಟ್ಟಿ ತುಂಬತೈತಿ ಬಿಡ್ರಿ. ಇವತ್ತಂತೂ ಇನ್ನೂ ಉಂಡಿಲ್ಲ.’

ಈಗ ಹೇಳಿ. ಸಸ್ಯಾಹಾರ ಮೇಲೋ, ಮಾಂಸಾಹಾರ ಮೇಲೋ? ಯಾವುದರಿಂದ ತೂಕ ಬೇಗ ಇಳಿಯುತ್ತದೆ? ಎರಡು ತಿಂಗಳು ನಾವು ಗಂಟಲು ಹರಿದುಕೊಂಡೆವಲ್ಲ, ಆ ಇಬ್ಬರಲ್ಲಿ ಒಬ್ಬಳಾದರೂ ಒಂದು ದಿನವಾದರೂ ಸಸ್ಯಾಹಾರ ಅಥವಾ ಮಾಂಸಾಹಾರ ಮಾಡಿದಳೇ? ಅವರು ತಿಂದದ್ದು ನಮ್ಮ ತಾಟಿನಲ್ಲಿ ಉಳಿದದ್ದನ್ನು, ಮೂರು ಗಂಟೆಗೆ, ಹಸಿದು ಹಸಿದು, ಅಳತೆ ಇಲ್ಲದೆ. ಚಾರ್ಟಿನ ಅಡುಗೆಯನ್ನು ಅವರೇ ಮಾಡಿದರು, ನಾವು ತಿಂದೆವು. ಕೊನೆಗೆ ಅವರನ್ನೇ ಕಳ್ಳರು ಅಂದೆವು. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಪಡಸಾಲೆಗೆ ಬಂದರೆ ಮಾವ ಮತ್ತು ಭೀಮಪ್ಪ ರಾಜಿಯಾಗಿದ್ದರು. ‘ಮ್ಯಾಚ್ ಡ್ರಾ ಆತಪಾ. ಅರ್ಧಾ ಅರ್ಧಾ. ಬಿಚ್ಚು ಡಬ್ಬಿ’ ಎಂದರು ಮಾವ.

ನಾನು ಒದರಿದೆ. ಹೌದು, ಅಕ್ಕನ ಗಂಡನ ಮನೆಯಲ್ಲಿ ನಿಂತು ಒದರಿದೆ. ‘ಅಕಿ ಕಾಲ್ ಕೊಯ್ಯೂ ಪಾಳಿ ಬಂದೈತಿ, ನಿಮಗ ಕರದಂಟೇನ್ರಿ?’ ಎಂದೆ. ಮಾವನ ಮುಖ ಕಪ್ಪಿಟ್ಟಿತು. ಆದರೂ ಬಿಡಲಿಲ್ಲ.

‘ಅಕಿಗೆ ಯಾರ್ ತಿನಬ್ಯಾಡ ಅಂದಾರಪಾ? ಅಕಿನ ತಿನ್ನೂದಿಲ್ಲ, ನಾವೇನ್ ಮಾಡೂಣು? ಆಪರೇಷನ್ ಆದ್ರ ನಮಗೂ ತ್ರಾಸ ಅಲ್ಲೇನು? ಒಲಿ ಮುಂದ ಯಾರ್ ನಿಂದರಬೇಕು?’

ಕೇಳಿದಿರಾ? ಅವಳ ಮೊಣಕಾಲಿನ ಚಿಂತೆಯೂ ಕಡೆಗೆ ಇವರ ಊಟದ ಚಿಂತೆಯೇ!

ನನ್ನ ಬೆನ್ನಿಗೆ ಅಕ್ಕ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆ ಹಿಡಿದು ಹಿಡಿದು ಹೊರಗೆ ಬಂದು ‘ಸುಮ್ನಿರೋ, ಮಂದಿ ಕೇಳತಾರ’ ಎಂದು ನನ್ನನ್ನೇ ಬೈದಳು. ಆಮೇಲೆ ತಾನೇ ಡಬ್ಬಿ ಬಿಚ್ಚಿ ಎಲ್ಲರಿಗೂ ಎರಡೆರಡು ತುಂಡು ಕರದಂಟು ಕೊಟ್ಟಳು. ನನ್ನ ಕೈಗೂ ಹಾಕಿದಳು. ಡಬ್ಬಿಯ ತಳದಲ್ಲಿ ಉದುರಿದ ಪುಡಿಯನ್ನು ಬೆರಳಲ್ಲಿ ಒತ್ತಿ ಒತ್ತಿ ಬಾಯಿಗೆ ಹಾಕಿಕೊಂಡಳು.

ಸಂಜೆ ಗೋಕಾಕಕ್ಕೆ ಬಂದವನೇ ಹೆಂಡತಿಯನ್ನು ಕೇಳಿದೆ. ‘ಮಧ್ಯಾಹ್ನ ಏನ್ ಉಂಡಿ?’ ಅವಳು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. ‘ಯಾಕ್ರಿ, ಆರಾಮ ಅದೀರಿಲ್ಲೋ?’ ಮದುವೆಯಾಗಿ ಇಪ್ಪತ್ತೆರಡು ವರ್ಷ, ಈ ಪ್ರಶ್ನೆ ಇದೇ ಮೊದಲಂತೆ.

ಡಾಕ್ಟರು ಕೊಟ್ಟ ಗಡುವಿಗೆ ಇನ್ನು ಒಂದು ತಿಂಗಳಿದೆ. ಅಕ್ಕನ ಆಪರೇಷನ್ ತಪ್ಪುತ್ತದೋ ಇಲ್ಲವೋ ಗೊತ್ತಿಲ್ಲ. ಯಾವ ಡಯಟ್ ಒಳ್ಳೆಯದು ಎಂದು ನನ್ನನ್ನು ಇನ್ನು ಕೇಳಬೇಡಿ, ನಾನೇ ನಿಮ್ಮನ್ನು ಕೇಳುತ್ತೇನೆ: ಇವತ್ತು ಮಧ್ಯಾಹ್ನ ನೀವು ಎರಡನೇ ಸಲ ಹಾಕಿಸಿಕೊಂಡ ಪಲ್ಯ ಯಾರ ಪಾಲಿನದಾಗಿತ್ತು?