ಬೆರಳಿಗೆ ಮೆತ್ತಿದ ಪಂಚಕಜ್ಜಾಯ

ಮೊದಲು ಬರೀ ಜ್ವರ. ಔಷಧಿ ಕುಡಿಸಿದೆ, ಗಂಜಿ ಉಣಿಸಿದೆ. ಮರುದಿನ ಸಂಜೆ ಆರು ವರ್ಷದ ನನ್ನ ಮಗಳು ಮಾನಸ ಏದುಸಿರು ಬಿಡತೊಡಗಿದಳು. ಉಗುರು ನೀಲಿಯಾಗಿತ್ತು.

ಹೊನ್ನಾವರದಿಂದ ಆಂಬುಲೆನ್ಸ್ ಶರಾವತಿ ಸೇತುವೆ ದಾಟಿ, ಭಟ್ಕಳ ದಾಟಿ, ಜಿಲ್ಲೆಯನ್ನೇ ದಾಟಿ ಓಡಿತು. ದೊಡ್ಡಾಸ್ಪತ್ರೆಯ ಐಸಿಯುನಲ್ಲಿ ವೆಂಟಿಲೇಟರ್ ಹಾಕಿದರು. ನ್ಯುಮೋನಿಯಾ ಎಂದರು. ಆಮೇಲೆ ಇನ್ನೊಂದು ಮಾತು.

ಶುಗರ್ ಏರಿದೆ.

ನನಗೆ ಸಿಟ್ಟೇ ಬಂತು. ಮನೆಯಲ್ಲಿ ಯಾರಿಗೂ ಇಲ್ಲದ ಸಕ್ಕರೆ ಕಾಯಿಲೆ ಇಷ್ಟು ಚಿಕ್ಕವಳಿಗೆ ಎಲ್ಲಿಂದ? ಡಾಕ್ಟರ್ ಸಮಾಧಾನದಿಂದ ವಿವರಿಸಿದರು. ದೇಹ ದೊಡ್ಡ ಕಾಯಿಲೆಯೊಡನೆ ಹೋರಾಡುವಾಗ ಡಯಾಬಿಟಿಸ್ ಇಲ್ಲದ ಮಕ್ಕಳಿಗೂ ಶುಗರ್ ಹೀಗೆ ಏರುವುದುಂಟು; ಬಹಳ ಏರಿದರೆ ಚೇತರಿಕೆ ಕಷ್ಟ. ಹಾಗೆಂದು ಇನ್ಸುಲಿನ್ ಹೆಚ್ಚಾದರೆ ಶುಗರ್ ಕುಸಿದು ಮಿದುಳಿಗೇ ಪೆಟ್ಟು. ಅದಕ್ಕೇ ಮತ್ತೆ ಮತ್ತೆ ಬೆರಳು ಚುಚ್ಚಿ ನೋಡುವುದು.

ನನ್ನ ಅತ್ತೆ ಹೊನ್ನಾವರದ ಪೇಟೆಯಲ್ಲಿ ಮೀನು ಮಾರುವವರು. ತಪ್ಪು ಒಪ್ಪಿಕೊಂಡದ್ದನ್ನು ನಾನು ಮದುವೆಯಾದಂದಿನಿಂದ ಕಂಡಿರಲಿಲ್ಲ. ಬಂಗಡೆ ನಿನ್ನೆಯದಲ್ಲವೇ ಎಂದರೆ, ಕೇಳಿದವರ ಮೂಗೇ ಕೆಟ್ಟಿರುತ್ತದೆ. ಇಂಥ ಅತ್ತೆ ಇಡಗುಂಜಿಗೆ ಹೋಗಿ, ಗಣಪತಿಗೆ ಹೇಳಿಕೊಂಡು, ಬಸ್ಸು ಹತ್ತಿ ಬಂದರು. ಐಸಿಯು ಒಳಗೆ ಹೋಗಿ ಮೊಮ್ಮಗಳನ್ನು ನೋಡಿ ಬಂದು ನನ್ನ ಪಕ್ಕ ಕೂತರು. ಸ್ವಲ್ಪ ಹೊತ್ತಿಗೆ ಡಾಕ್ಟರ್ ಬಾಗಿಲಿಗೆ ಬಂದರು.

"ಇಳಿಯುತ್ತಿದ್ದ ಶುಗರ್ ಒಮ್ಮೆಲೇ ಏರಿಬಿಟ್ಟಿದೆ. ಇನ್ಸುಲಿನ್ ಹೆಚ್ಚಿಸಬೇಕಾಗಬಹುದು."

ಅತ್ತೆ ಎದ್ದು ನಿಂತರು.

"ತಡೀರಿ ಡಾಕ್ಟ್ರೇ. ತಪ್ಪು ನಂದು. ಬಾಯಿಗೆ ಹಾಕೂಕೆ ಆಗೂದಿಲ್ಲ ಅಂತ ಪಂಚಕಜ್ಜಾಯ ಅದರ ಕೈಲಿ ಇಟ್ಟೆ. ಆಮೇಲೆ ಸೆರಗಲ್ಲೇ ಒರಸ್ದೆ."

ಬೆಲ್ಲ, ಎಳ್ಳು, ಕಡಲೆಯ ಪ್ರಸಾದ. ನರ್ಸ್ ಸ್ಪಿರಿಟ್ ಹತ್ತಿಯಿಂದ ಒರೆಸಿಯೇ ಚುಚ್ಚಿದ್ದರು. ಆದರೂ ಬೆಲ್ಲದ ಜಿಗುಟು ಪೂರ್ತಿ ಹೋಗದೆ ರಕ್ತದ ಹನಿಗೆ ಬೆರೆತಿತ್ತು. ಡಾಕ್ಟರ್ ಒಳಗೆ ಓಡಿದರು. ಸೋಪಿನಲ್ಲಿ ಕೈ ತೊಳೆಸಿ ಮತ್ತೆ ಚುಚ್ಚಿದರು.

ಶುಗರ್ ಇಳಿದೇ ಇತ್ತು.

ಬೈಗುಳ ಕಾದಿದೆ ಎಂದುಕೊಂಡೆ. ಡಾಕ್ಟರ್ ಹೊರಬಂದು, "ಹೇಳಿದ್ದು ಒಳ್ಳೆಯದಾಯಿತು ಅಜ್ಜಿ" ಎಂದರು. ಅತ್ತೆ ಗೋಡೆಗೊರಗಿ ಅತ್ತುಬಿಟ್ಟರು. ಅಷ್ಟು ಜನರೆದುರು ನನ್ನ ತಪ್ಪು ಎನ್ನಲು ನನಗಾಗುತ್ತಿತ್ತೋ ಇಲ್ಲವೋ. ಅವತ್ತು ಅವರ ಸೊಸೆ ಎನ್ನುವುದಕ್ಕೆ ನನಗೆ ಹೆಮ್ಮೆಯಾಯಿತು. ಈಗಲೂ ಆಗುತ್ತದೆ.

ಮಾನಸ ಮನೆಗೆ ಬಂದಿದ್ದಾಳೆ. ಓಡಿದರೆ ಬೇಗ ದಣಿಯುತ್ತಾಳೆ, ಆದರೆ ಓಡುತ್ತಾಳೆ. ಅತ್ತೆ ಪೇಟೆಯಲ್ಲಿ ಗಿರಾಕಿಗಳಿಗೆಲ್ಲ ತಮ್ಮ ತಪ್ಪನ್ನು ಜೋರಾಗಿ ಹೇಳಿಕೊಳ್ಳುತ್ತಾರೆ. ಬಂಗಡೆ ಮಾತ್ರ ಇನ್ನೂ ನಿನ್ನೆಯದಾಗಿಲ್ಲ.

ಮೊನ್ನೆ ಕುಮಟಾದಲ್ಲಿ ಶುಗರ್ ಪರೀಕ್ಷೆಯಿತ್ತು. ಅತ್ತೆ ಮನೆಯಿಂದಲೇ ಸೋಪು ತಂದಿದ್ದರು. ನಲ್ಲಿಯ ಕೆಳಗೆ ಮೊಮ್ಮಗಳ ಒಂದೊಂದು ಬೆರಳನ್ನೂ ತಿಕ್ಕಿ ತೊಳೆದು, ಒರೆಸಿ, ಆ ಪುಟ್ಟ ಕೈಯನ್ನು ನರ್ಸ್ ಮುಂದೆ ಹಿಡಿದರು.

"ಈಗ ಚುಚ್ಚಿ. ಇದರಲ್ಲಿ ಎಂತದೂ ಇಲ್ಲ, ನಾನೇ ತೊಳದದ್ದು."

ಶುಗರ್ ಸರಿಯಾಗಿತ್ತು.