ಎರಡು ಟೈರುಗಳಿಗಾಗಿ ಮೊಳಕಾಲ್ಮೂರಿಗೆ

ಮೇ ತಿಂಗಳ ಕೊನೆಯ ಗುರುವಾರ ಬೆಳಿಗ್ಗೆ ಏಳೂಕಾಲಿಗೆ ನಾವಿಬ್ಬರೂ ಚಳ್ಳಕೆರೆಯ ಬಸ್ ನಿಲ್ದಾಣದಿಂದ ಮೊಳಕಾಲ್ಮೂರಿಗೆ ಹೊರಟೆವು. ನನ್ನ ಪತ್ನಿ ಗಿರಿಜಮ್ಮ ಸರ್ಕಾರಿ ಬಸ್ಸಿನ ಕೊನೆಯ ಸಾಲಿನಲ್ಲಿ ಕುಳಿತಿದ್ದಳು. ನಾನು ಅದೇ ಬಸ್ಸಿನ ಹಿಂದೆ ನನ್ನ ಭಾರೀ ಮೋಟಾರ್ ಸೈಕಲ್ಲಿನ ಮೇಲಿದ್ದೆ. ಮೂವತ್ತೊಂಬತ್ತು ವರ್ಷಗಳ ದಾಂಪತ್ಯದಲ್ಲಿ ಒಂದೇ ಊರಿಗೆ, ಒಂದೇ ಹೊತ್ತಿಗೆ, ಎರಡು ವಾಹನಗಳಲ್ಲಿ ಹೊರಟದ್ದು ಇದೇ ಮೊದಲು. ಹೆಂಗಸರಿಗೆ ಬಸ್ಸು ಉಚಿತ. ನನಗೆ ಪೆಟ್ರೋಲಿಗೆ ಮುನ್ನೂರು ರೂಪಾಯಿ ಬಿತ್ತು.

ಹೀಗೇಕೆ ಎಂಬುದನ್ನು ಮೊದಲೇ ತಿಳಿಸಬೇಕು. ಆರು ವಾರಗಳ ಹಿಂದೆ ತಳಕಿನ ಬಳಿಯ ತಿರುವಿನಲ್ಲಿ ಗಾಡಿಯ ಹಿಂದಿನ ಚಕ್ರ ಒಮ್ಮೆ ಪಕ್ಕಕ್ಕೆ ಸರಿದು, ಓಲಾಡಿ, ಮತ್ತೆ ನೆಟ್ಟಗಾಯಿತು. ನಾವು ಬೀಳಲಿಲ್ಲ. ಗಿರಿಜಮ್ಮ ಇಳಿದು ಸೆರಗು ಸರಿಪಡಿಸಿಕೊಂಡು, “ಇನ್ನ ನಾನು ಇದ್ರ ಮೇಲೆ ಕೂರಲ್ಲ ಕಣ್ರಿ” ಎಂದಳು. ಕೂಗಾಡಿದ್ದರೆ ಉತ್ತರ ಕೊಡಬಹುದಿತ್ತು. ಅವಳು ತಣ್ಣಗೆ ಹೇಳಿದಳು. ಅಂದಿನಿಂದ ಕೂರಲೂ ಇಲ್ಲ. ಎಂಟು ವರ್ಷಗಳಿಂದ ಮುಂಗಾರು ಕಾಲಿಡುವ ಹೊತ್ತಿಗೆ ನಾವಿಬ್ಬರೂ ಇದೇ ಗಾಡಿಯಲ್ಲಿ ಶ್ರೀಶೈಲಕ್ಕೆ ಹೋಗಿ ಬರುತ್ತಿದ್ದೇವೆ. ಈ ಸಲ ಹೊರಡಬೇಕಾದದ್ದು ಬರುವ ಸೋಮವಾರ. ಕಾಡಿನ ನಡುವಿನ ಆ ಘಟ್ಟದ ತಿರುವುಗಳನ್ನು ಅವಳಿಲ್ಲದೆ ನಾನು ಹತ್ತಲಾರೆ. ಅವಳನ್ನು ಬಲವಂತವಾಗಿ ಕೂರಿಸಲೂ ಆರೆ.

ತಪ್ಪು ಟೈರಿನದೆಂದು ನಾನು ಅಂದೇ ನಿರ್ಧರಿಸಿದ್ದೆ. ಹದಿನಾಲ್ಕು ತಿಂಗಳ ಹಿಂದೆ ಚಳ್ಳಕೆರೆಯಲ್ಲೇ ಕೊಂಡ ಟೈರು ಅದು. ಮರುದಿನ ದೂರು ಹೇಳಲು ಹೋದಾಗ ಅಂಗಡಿಯ ಮಾಲೀಕ ಕುಳಿತಲ್ಲಿಂದ ಏಳಲಿಲ್ಲ. “ಟೈರಿಗೇನಾಗೈತೆ ಯಜಮಾನ್ರೇ? ಗಾಡಿ ಮುನ್ನೂರು ಕೆ.ಜಿ. ಐತೆ, ನಿಮಗೆ ಅರವತ್ತೇಳು ವರ್ಷ. ಒಂದು ಸ್ಕೂಟಿ ತಗಳ್ರಿ, ಆರಾಮಾಗಿ ಓಡಾಡ್ರಿ” ಎಂದ. ಅಂಗಡಿಯಲ್ಲಿ ಆಗ ಇಬ್ಬರು ಗಿರಾಕಿಗಳಿದ್ದರು, ಎಡಗಡೆಯವನು ನಕ್ಕ. ನನಗೆ ಕುರ್ಚಿ ಕೊಟ್ಟಿರಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ. ಆ ಅಂಗಡಿಯ ಮೆಟ್ಟಿಲು ಮತ್ತೆ ತುಳಿಯಲಾರೆನೆಂದು ಮೊಳಕಾಲ್ಮೂರಿನಲ್ಲಿರುವ ನನ್ನ ಷಡ್ಡಕನಿಗೆ, ಅಂದರೆ ಗಿರಿಜಮ್ಮನ ತಂಗಿಯ ಗಂಡನಿಗೆ, ಫೋನ್ ಮಾಡಿದೆ. ಅಲ್ಲಿನ ಟೈರ್ ವ್ಯಾಪಾರಿ ಓಬಳೇಶಪ್ಪ ಬಳ್ಳಾರಿಯಿಂದ ಎರಡು ಜೊತೆ ಟೈರು ತರಿಸಿಟ್ಟಿದ್ದಾರೆಂದು ಅವನು ತಿಳಿಸಿದ. ಗಿರಿಜಮ್ಮ ತಂಗಿಯನ್ನು ನೋಡುವ ನೆಪದಲ್ಲಿ ಹೊರಟಳು. ಟೈರಿನ ವಿಚಾರ ಎತ್ತಲಿಲ್ಲ.

ಐವತ್ತು ಕಿಲೋಮೀಟರಿನ ಆ ದಾರಿಯನ್ನು ನಾನು ಕಣ್ಣು ಮುಚ್ಚಿಯೂ ಹೇಳಬಲ್ಲೆ. ಅಂದು ಮಾತ್ರ ಪ್ರತಿ ಮಾರೂ ಅಪರಿಚಿತವಾಗಿತ್ತು. ಹಿಂದಿನ ಸಂಜೆ ಪದ್ಧತಿಯಂತೆ ಎರಡೂ ಚಕ್ರಗಳ ಗಾಳಿ ಇಳಿಸಿದ್ದೆ. ಬೇಸಿಗೆಯಲ್ಲಿ ಗಾಳಿ ಹಿಗ್ಗಿ ಟೈರು ಸಿಡಿಯುತ್ತದೆಂದು ಶೇಂಗಾ ಹೇರುವ ಟ್ರ್ಯಾಕ್ಟರುಗಳಿಗೆ ನಮ್ಮ ಸೀಮೆಯಲ್ಲಿ ಎಲ್ಲರೂ ಹೀಗೆ ಮಾಡುತ್ತಾರೆ. ನನ್ನ ತಂದೆಯೂ ಮಾಡುತ್ತಿದ್ದರು. ಎಂಟು ಗಂಟೆಗೇ ಡಾಂಬರು ಕಾದಿತ್ತು. ಕುರಿಹಟ್ಟಿಗೆ ಬೇಲಿ ಹಾಕಲು ಎಳೆದೊಯ್ದ ಜಾಲಿಯ ಮುಳ್ಳುಗಳು ರಸ್ತೆಯಂಚಿನಲ್ಲಿ ಬಿದ್ದಿದ್ದವು. ತಳಕಿನ ತಿರುವಿನಲ್ಲಿ ವೇಗವನ್ನು ಮೂವತ್ತಕ್ಕೆ ಇಳಿಸಿದೆ. ಬಸ್ಸು ಮುಂದೆ ಹೋಗಿಬಿಟ್ಟಿತು.

ಮೊಳಕಾಲ್ಮೂರಿಗೆ ಮುಂಚೆ ಸಿಗುವ ಹಾನಗಲ್ಲಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿದ್ದರಿಂದ ಅದನ್ನು ಕೂಡಿಕೊಂಡೆ. ಗಿರಿಜಮ್ಮ ಕಿಟಕಿಯಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಚಾಚಿದಳು.

“ಜಾರ್ತೈತೇನ್ರಿ?”

“ಇಲ್ಲ.”

“ನಿಮ್ಮ ಮುಖ ಬೇರೆ ಹೇಳ್ತೈತೆ” ಎಂದಳು. “ಮೊದ್ಲು ತಿನ್ರಿ.”

ಮೊಳಕಾಲ್ಮೂರು ಸೇರುವಾಗ ಒಂಬತ್ತಾಗಿತ್ತು. ಗಿರಿಜಮ್ಮ ತಂಗಿಯ ಮನೆಯ ಕಡೆ ನಡೆದಳು. ಆ ಓಣಿಯ ಮಗ್ಗಗಳ ಸದ್ದು ರಸ್ತೆಗೇ ಕೇಳುತ್ತಿತ್ತು. ನಾನು ಓಬಳೇಶಪ್ಪನವರ ಅಂಗಡಿಗೆ ಹೋದೆ. ಅವರಿಗೂ ಅರವತ್ತರ ಮೇಲಿರಬೇಕು. ಒಳಗಿದ್ದ ಹೆಂಡತಿಯೊಡನೆ ತೆಲುಗಿನಲ್ಲಿ, ನನ್ನೊಡನೆ ಕನ್ನಡದಲ್ಲಿ ಒಂದೇ ಉಸಿರಿಗೆ ಮಾತನಾಡುತ್ತಿದ್ದರು. ಮಾತಿಗೆ ಮೊದಲೇ ಕುರ್ಚಿ ಹಾಕಿದರು. ಇದನ್ನೂ ದಾಖಲಿಸುತ್ತೇನೆ. ಕುಳಿತವನೇ ಚಳ್ಳಕೆರೆಯ ಟೈರಿನ ಮೋಸವನ್ನು ಅವರ ಮುಂದೆ ಹೇಳಿಕೊಂಡೆ.

ಗೋಣಿಚೀಲ ಸರಿಸಿ ಎರಡೂ ಜೊತೆಗಳನ್ನು ಬಿಸಿಲಿಗೆ ತಂದಿಟ್ಟರು. ಪ್ರತಿ ಟೈರಿನ ಮಗ್ಗುಲಲ್ಲಿ ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳಿರುತ್ತವೆ. ಕನ್ನಡಕ ಬದಲಿಸಿ ನಾಲ್ಕು ಟೈರುಗಳ ಅಂಕಿಗಳನ್ನೂ ಓದಿದೆ, ಯಾವುದೂ ಹಳೆಯದಲ್ಲ. ಬಳಿಕ ಜೇಬಿನಿಂದ ಚೀಟಿ ತೆಗೆದು ಹೊರೆಯ ಲೆಕ್ಕ ಒಪ್ಪಿಸಿದೆ: ಗಾಡಿ ಇನ್ನೂರ ತೊಂಬತ್ತು ಕೆ.ಜಿ., ನಾನು ಎಪ್ಪತ್ತೆಂಟು, ಪತ್ನಿ ಅರವತ್ತನಾಲ್ಕು, ಸಾಮಾನು ಇಪ್ಪತ್ತೆರಡು.

“ಅಮ್ಮಾರ ತೂಕನೂ ಬರ್ಕಂಡೀರಾ? ಅವರಿಗೆ ಗೊತ್ತೈತಾ?”

“ಗೊತ್ತಿಲ್ಲ.”

“ಗೊತ್ತಾಗೋದು ಬ್ಯಾಡ ಬಿಡ್ರಿ” ಎಂದು ಚೀಟಿಯನ್ನು ಮಡಿಸಿ ನನ್ನ ಕೈಗೇ ಕೊಟ್ಟರು.

ಎರಡು ಜೊತೆಗಳೂ ಆ ಹೊರೆಯನ್ನು ತಾಳುವಂಥವೇ. ಒಂದು ಗಟ್ಟಿ ರಬ್ಬರು. ಇಪ್ಪತ್ತು ಸಾವಿರ ಕಿಲೋಮೀಟರು ಬರುತ್ತದೆ. ಇನ್ನೊಂದು ಮೆತ್ತನೆಯದು, ಹನ್ನೆರಡು ಸಾವಿರಕ್ಕೇ ಸವೆಯುತ್ತದೆ, ಆದರೆ ಒದ್ದೆ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ. ಬಾಳಿಕೆ ನೋಡಿ ಕೊಳ್ಳುವುದು ನನ್ನ ಜೀವಮಾನದ ಅಭ್ಯಾಸ. ಉಗುರಿನಿಂದ ಒತ್ತಿ ನೋಡಿದೆ, ಎದ್ದು ನಿಂತೆ, ಮತ್ತೆ ಕುಳಿತೆ. ಘಟ್ಟದಲ್ಲಿ ಮೊದಲ ಮಳೆ ಬಿದ್ದು ತಿರುವಿನಲ್ಲಿ ಕೆಮ್ಮಣ್ಣು ಹರಿದಿದ್ದರೆ? ಬೆನ್ನ ಹಿಂದೆ ಅವಳು ಉಸಿರು ಬಿಗಿಹಿಡಿಯುವುದು ಮತ್ತೊಮ್ಮೆ ಕೇಳಿಸಿದರೆ? ಅರ್ಧ ಗಂಟೆ ಕಳೆದ ಮೇಲೆ ಮೆತ್ತನೆಯ ಜೊತೆಯನ್ನೇ ತೋರಿಸಿದೆ.

ಹಿಂದಿನ ಚಕ್ರ ಬಿಚ್ಚುವ ಮುಂಚೆ ಓಬಳೇಶಪ್ಪ ಗಾಳಿ ಅಳೆದರು, ಇನ್ನೊಮ್ಮೆ ಅಳೆದರು. ಹಳೆಯ ಟೈರನ್ನು ಕಳಚಿ ನನ್ನ ಮುಂದೆ ನಿಲ್ಲಿಸಿ ಅದರ ಮೇಲೆ ಅಂಗೈ ಸವರಿದರು.

“ಈ ಟೈರ್ ಕೊಟ್ಟೋನು ಮೋಸ ಮಾಡಿದ ಅಂದ್ರಲ್ಲ, ಇಲ್ಲಿ ಮುಟ್ಟಿ ನೋಡ್ರಿ. ನಡು ಹಂಗೇ ಐತೆ. ಎರಡೂ ಅಂಚು ಸವ್ದಾವೆ. ಕೆಟ್ಟ ಮಾಲಾಗಿದ್ರೆ ಹಿಂಗೆ ಸವಿಯಲ್ಲ. ಇದು ಗಾಳಿ ಕಮ್ಮಿ ಓಡಿಸಿರೋದು.”

“ಬೇಸಿಗೆಯಲ್ಲಿ ಇಳಿಸುತ್ತೇನೆ” ಎಂದೆ.

“ಇಬ್ರು ಕೂತ್ರೆ ಗಾಳಿ ನಲವತ್ತೆರಡು ಪೌಂಡ್ ಇರಬೇಕು. ಇದ್ರಾಗೆ ಇಪ್ಪತ್ತೊಂಬತ್ತು ಐತೆ. ಗಾಳಿ ಕಮ್ಮಿ ಆದ್ರೆ ಟೈರ್ ಇನ್ನೂ ಜಾಸ್ತಿ ಕಾಯ್ತೈತೆ ಸ್ವಾಮಿ, ತಿರುವಿನಾಗೆ ಮಗ್ಗಲು ಮಡಚ್ಕಂತೈತೆ. ಟ್ರ್ಯಾಕ್ಟರ್ ಬುದ್ಧಿನ ಇದಕ್ಕೆ ತರಬಾರ್ದು.”

ಕಾಸಿನಷ್ಟೂ ವ್ಯಂಗ್ಯವಿಲ್ಲದೆ ಹೇಳಿದರು. ಆದ್ದರಿಂದ ಸಿಟ್ಟು ಮಾಡಿಕೊಳ್ಳಲೂ ದಾರಿ ಇರಲಿಲ್ಲ. ನನ್ನ ಪತ್ನಿಯನ್ನು ಹಿಂದೆ ಕೂರಿಸಿಕೊಂಡು ತಳಕಿನ ತಿರುವಿಗೆ ಹೋದಾಗಲೂ ನಾನೇ, ನನ್ನ ಕೈಯಾರೆ, ಗಾಳಿ ಇಳಿಸಿದ್ದೆ. ಗಡಿಯಾರ ನೋಡಿದೆ, ಹತ್ತೂ ಇಪ್ಪತ್ತು.

ಹೊಸ ಟೈರುಗಳನ್ನು, ತಿರುಗುವ ದಿಕ್ಕು ತೋರಿಸುವ ಬಾಣದ ಗುರುತು ನೋಡಿ ಕೂರಿಸಿ, ಗಾಳಿ ತುಂಬಿ, ಚಕ್ರಗಳನ್ನು ತಿರುಗಿಸಿ ನೋಡುವಷ್ಟರಲ್ಲಿ ಮಧ್ಯಾಹ್ನ ಒಂದಾಗಿತ್ತು. ಕೊನೆಗೆ ಓಬಳೇಶಪ್ಪ ಇನ್ನೊಂದು ಮಾತು ಸೇರಿಸಿದರು: “ಹೊಸ ರಬ್ಬರ್ ನುಣ್ಣಗಿರ್ತೈತೆ. ಮೊದಲ ನೂರೈವತ್ತು ಕಿಲೋಮೀಟರ್ ಒಬ್ರೇ ನಿಧಾನಕ್ಕೆ ಓಡಿಸ್ರಿ. ಆಮೇಲೆ ಅಮ್ಮಾರು.”

ಷಡ್ಡಕನ ಮನೆಯಲ್ಲಿ ಮುದ್ದೆ, ಕಾಳಿನ ಸಾರು ಬಡಿಸಿದರು. ಎಷ್ಟು ಉಂಡೆನೋ ತಿಳಿಯಲಿಲ್ಲ. ಮೂರಕ್ಕೆ ಬಸ್ ನಿಲ್ದಾಣದ ಬಳಿ ಗಾಡಿ ನಿಲ್ಲಿಸಿದಾಗ ಗಿರಿಜಮ್ಮ ಬಸ್ಸಿನ ಕಡೆ ಹೋಗಲಿಲ್ಲ. ಗಾಡಿಯ ಸುತ್ತ ಒಂದು ಸಲ ನಡೆದಳು. ಹಿಂದಿನ ಟೈರನ್ನು ಬೆರಳಿನಿಂದ ಒತ್ತಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನನ್ನ ಭುಜದ ಮೇಲೆ ಕೈಯಿಟ್ಟಳು.

“ಹೋಗಾನ ನಡೀರಿ.”

ಆರು ವಾರ ನಾನು ಕಾದಿದ್ದು ಆ ಕೈಗಾಗಿ. ಸುಮ್ಮನೆ ಕೀಲಿ ತಿರುಗಿಸಿದ್ದರೆ ಸಾಕಿತ್ತು.

“ಇವತ್ತು ಬೇಡ” ಎಂದೆ. “ಹೊಸ ಟೈರು ಜಾರುತ್ತದಂತೆ. ನೂರೈವತ್ತು ಕಿಲೋಮೀಟರು ನಾನೊಬ್ಬನೇ ಓಡಿಸಬೇಕಂತೆ.” ಅವಳು ಕೈ ತೆಗೆಯಲಿಲ್ಲ. ಹಾಗಾಗಿ ಉಳಿದದ್ದನ್ನೂ ಹೇಳಬೇಕಾಯಿತು. “ಅವತ್ತು ಜಾರಿದ್ದು ಟೈರಿನ ತಪ್ಪಲ್ಲ. ನಾನು ಗಾಳಿ ಇಳಿಸಿದ್ದೆ.”

ಅವಳು ಈಗ ಕೈ ತೆಗೆದಳು. “ಹಂಗಾದ್ರೆ ಚಳ್ಳಕೆರೆ ಅಂಗಡಿಯೋನಿಗೆ ಆರು ವಾರ ಬೈದದ್ದು?”

“ಟೈರಿನ ಆರೋಪ ಹಿಂದೆಗೆದುಕೊಳ್ಳುತ್ತೇನೆ. ಸ್ಕೂಟಿಯ ಮಾತನ್ನು ಮರೆಯುವುದಿಲ್ಲ.”

“ಅದನ್ನ ಮರೀರಿ ಅಂತ ನಾನ್ಯಾಕೆ ಹೇಳ್ಲಿ, ನನಗೂ ವಯಸ್ಸಾಗೈತೆ” ಎಂದು ಸೊಂಟದ ಸೆರಗು ಬಿಡಿಸಿಕೊಂಡಳು. “ನೂರೈವತ್ತು ಅಂದ್ರೆ ಎಷ್ಟು ಸಲ ಆಯ್ತು?”

“ಈಗ ಊರಿಗೆ ಒಂದು ಸಲ. ನಾಳೆ ಮತ್ತೆ ಇಲ್ಲಿಗೆ ಬಂದು ಹೋದರೆ ಮುಗಿಯುತ್ತದೆ.”

“ನಾಳೆ ಮುಗಿಸ್ರಿ. ಗಾಳಿ ನೋಡೋವಾಗ ನನ್ನ ಕರೀರಿ, ಮೀಟರು ನಾನೇ ನೋಡ್ತೀನಿ.” ಅಷ್ಟು ಹೇಳಿ ಬಸ್ಸು ಹತ್ತಿದಳು.

ಬಸ್ಸು ಹೊರಟಿತು, ಅದರ ಹಿಂದೆ ನಾನು. ಮೊಳಕಾಲ್ಮೂರಿನ ಬಂಡೆಗುಡ್ಡಗಳು ಕನ್ನಡಿಯಲ್ಲಿ ಸಣ್ಣಗಾಗುತ್ತಿದ್ದವು. ಊರು ದಾಟಿದ ಮೇಲೆ ಅವಳು ಹಿಂದಿನ ಗಾಜಿನ ಕಡೆ ತಿರುಗಿದಳು. ನನ್ನನ್ನು ಕಂಡು ಕೈಯೆತ್ತಿ, ಅಂಗೈಯನ್ನು ಗಾಜಿಗೆ ಒತ್ತಿ, ತೀರಾ ಹತ್ತಿರ ಬರಬೇಡಿ, ಇನ್ನಷ್ಟು ಹಿಂದೆ ಇರಿ ಎಂದು ಸನ್ನೆ ಮಾಡಿದಳು. ನಾನು ವೇಗ ತಗ್ಗಿಸಿದೆ.